ಹನ್ನೊಂದನೇ ಮುಖ

ನಮ್ಮಜ್ಜನ ಬಲಗೈಯ ಮೂರು ಬೆರಳುಗಳು ಮಡಚುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಏಣಿಯಿಂದ ಬಿದ್ದೆ" ಅನ್ನುತ್ತಿದ್ದ. ಒಳಗೆ ಎಲ್ಲೋ ಕೆಲಸ ಮಾಡುತ್ತಿದ್ದ ಅಜ್ಜಿ ಅಲ್ಲಿಂದಲೇ "ಸುಳ್ಳು" ಅನ್ನುತ್ತಿದ್ದಳು. ಅಷ್ಟೇ. ಅದರ ಹಿಂದಿನ ಕಥೆಯನ್ನು ನನಗೆ ಹೇಳಿದವಳು ನನ್ನ ತಾಯಿ. ಅಲ್ಲಲ್ಲಿ ಬಿಟ್ಟುಹೋದದ್ದನ್ನು ತುಂಬಿಸಿಕೊಟ್ಟವನು ಅಜ್ಜನೇ, ಅವನು ತೀರಿಕೊಳ್ಳುವ ಹಿಂದಿನ ವರ್ಷ.

ಅಜ್ಜ ಗಾರೆ ಕೆಲಸದವನು. ಕೂದಲು, ರೆಪ್ಪೆ, ಉಗುರು ಎಲ್ಲದರಲ್ಲೂ ಸುಣ್ಣ ಅಂಟಿಕೊಂಡೇ ಇರುತ್ತಿದ್ದರಿಂದ ಊರೆಲ್ಲ ಅವನನ್ನು ಸುಣ್ಣಪ್ಪ ಎನ್ನುತ್ತಿತ್ತು. ಆಗ ಊರನ್ನು ಆಳುತ್ತಿದ್ದವರು ಕಡಲು ದಾಟಿ ಬಂದವರು. ಬಂದರು, ಉಪ್ಪಿನ ಗೋದಾಮು, ಜೈಲು, ದಿಬ್ಬದ ಮೇಲೆ ಪಾದ್ರಿಗಳ ಮಿಷನ್ನು, ಅದರ ಹಿಂದೆ ಬೆಟ್ಟಗಳು, ಇಷ್ಟೇ ಊರು. ಅಜ್ಜಿ ಬೆಟ್ಟದವಳು. ಉಪ್ಪು ಕೊಳ್ಳಲು ಕೆಳಗಿಳಿದು ಬಂದವಳನ್ನು ಅಜ್ಜ ನೋಡಿ, ಮೆಚ್ಚಿ, ಹಟ ಹಿಡಿದು ಮದುವೆಯಾಗಿದ್ದ. "ಉಪ್ಪು ತಗೊಳ್ಳೋಕೆ ಬಂದೆ, ಸುಣ್ಣ ಗಂಟುಬಿತ್ತು" ಎಂದು ಅಜ್ಜಿ ಜೀವಮಾನವಿಡೀ ಗೊಣಗಿದಳು.

ಮಿಷನ್ನಿಗೆ ಹೊಸದಾಗಿ ಬಂದ ಪಾದ್ರಿಗೆ ಎದೆಯವರೆಗೆ ಗಡ್ಡವಿತ್ತು. ಅಜ್ಜ ಅವರನ್ನು ಕೊನೆಯವರೆಗೂ ಬಹುವಚನದಲ್ಲೇ ಕರೆದ. ಅಜ್ಜಿ ಏಕವಚನಕ್ಕೆ ಇಳಿದದ್ದು ಆಮೇಲೆ. ಚರ್ಚಿನ ಚಾವಣಿ ಕುಸಿದು ಒಬ್ಬ ಸಂತನ ಮೂಗು ಮುರಿದಿತ್ತು. ಅಜ್ಜ ಅದನ್ನು ಸರಿಮಾಡಿದ ಮೇಲೆ ಪಾದ್ರಿ ಏಣಿ ಹತ್ತಿ ಹೋಗಿ ಆ ಮೂಗನ್ನು ಬೆರಳಿನಿಂದ ಸವರಿ ನೋಡಿದರು.

"ನಿನ್ನ ಕೈಗೆ ಮುಖ ಗೊತ್ತು" ಎಂದರು. "ನನ್ನ ಕೋಣೆಗೆ ಬಾ."

ಆ ಕೋಣೆಯನ್ನು ಅಜ್ಜ ಎಂದೂ ಮರೆಯಲಿಲ್ಲ. ಒಂದು ಗೋಡೆಗೆ ಶಿಲುಬೆ. ಮೇಜಿನ ಮೇಲೆ ತಲೆಯ ಅಗಲ ಅಳೆಯುವ ಕಬ್ಬಿಣದ ಇಕ್ಕಳ. ಕಣ್ಣಿನ ಬಣ್ಣ ಹೋಲಿಸಿ ನೋಡಲು ಡಬ್ಬಿಯ ತುಂಬ ಗಾಜಿನ ಗುಡ್ಡೆಗಳು. ಲಕೋಟೆಗಳಲ್ಲಿ ಕೂದಲು. ಕಪಾಟಿನ ಮೇಲಿನ ಹಲಗೆಯಲ್ಲಿ ಎರಡು ತಲೆಬುರುಡೆ, ಹಣೆಯ ಮೇಲೆ ಮಸಿಯಿಂದ ಬರೆದ ಸಂಖ್ಯೆ. ಪಾದ್ರಿಗೆ ದೇವರ ಕೆಲಸದ ಜೊತೆಗೆ ಇನ್ನೊಂದು ಕೆಲಸವಿತ್ತು: ತಮ್ಮ ದೇಶದ ಮಾನವಶಾಸ್ತ್ರದ ಸಂಘಕ್ಕೆ ಬೆಟ್ಟದ ಜನರ ಬಗ್ಗೆ ಬರೆದು ಕಳಿಸುವುದು. ಯಾರ ಮೂಗು ಎಷ್ಟು ಉದ್ದ, ಯಾರು ಯಾರ ಮಗ, ಯಾವ ಹಳ್ಳಿ, ಯಾವ ಮಾತಿಗೆ ಏನರ್ಥ, ಎಲ್ಲವೂ ಕಪ್ಪು ಬೈಂಡಿನ ಒಂದು ದಪ್ಪ ಪುಸ್ತಕದಲ್ಲಿ. ಬೆಟ್ಟದ ಮಾತನ್ನು ಅವರಿಗೆ ಕಲಿಸಿದವಳು ನಮ್ಮಜ್ಜಿ. ಮಿಷನ್ನಿನ ಜಗುಲಿಯಲ್ಲಿ ಕೂತು, ಮಡಿಲಲ್ಲಿ ನನ್ನ ತಾಯಿಯನ್ನು ಮಲಗಿಸಿಕೊಂಡು, ತನ್ನವರ ಹೆಸರು, ಸಂಬಂಧ, ಊರು ಎಲ್ಲ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ತನ್ನವರ ಬಗ್ಗೆ ಅಷ್ಟು ಪ್ರೀತಿಯಿಂದ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ಅಜ್ಜನಿಗೆ ಪಾದ್ರಿ ಕಲಿಸಿದ್ದು ಮುಖದಚ್ಚು ತೆಗೆಯುವುದು. ಮುಖಕ್ಕೆ ಎಣ್ಣೆ ಸವರಬೇಕು, ಹುಬ್ಬಿಗೂ ರೆಪ್ಪೆಗೂ ಇನ್ನಷ್ಟು. ಮೂಗಿನ ಹೊಳ್ಳೆಗಳಿಗೆ ಹಕ್ಕಿಗರಿಯ ಕೊಳವೆ ಸಿಕ್ಕಿಸಬೇಕು, ಉಸಿರಾಡಲು. ಆಮೇಲೆ ಕಲಸಿದ ಪ್ಲಾಸ್ಟರನ್ನು ಹಣೆಯಿಂದ ಗಲ್ಲದವರೆಗೆ ಮೆತ್ತಬೇಕು. ಗಟ್ಟಿಯಾಗುವಾಗ ಅದು ಕಾಯುತ್ತದೆ. ಒಳಗಿರುವವನಿಗೆ ಕತ್ತಲೆ, ಭಾರ, ಬಿಸಿ. ಕಾಲು ಗಂಟೆ ಅಲ್ಲಾಡುವ ಹಾಗಿಲ್ಲ. ಆ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್ ಸುರಿದು ತೆಗೆದರೆ ಮುಖ ಸಿದ್ಧ. ಬಂದವರಿಗೆ ಪಾದ್ರಿ ಒಂದು ಸೇರು ಉಪ್ಪು, ಜ್ವರದ ಮಾತ್ರೆ ಕೊಡುತ್ತಿದ್ದರು.

ಅಜ್ಜಿಯ ತಮ್ಮ ತಾನಾಗಿಯೇ ಬಂದ. ಅವನದು ಹನ್ನೊಂದನೆಯ ಮುಖ. ಗಲ್ಲದಲ್ಲಿ ಗುಳಿ, ಎಡಕ್ಕೆ ಸ್ವಲ್ಪ ವಾಲಿದ ಮೂಗು.

"ಭಾವ, ಮೂಗು ನೆಟ್ಟಗೆ ಮಾಡಿಬಿಡು" ಎಂದ ಮಲಗುತ್ತಾ. "ಆ ದೇಶದ ಹುಡುಗಿ ಯಾರಾದರೂ ನೋಡಿ ಹುಡುಕಿಕೊಂಡು ಬಂದರೆ?"

"ಹುಡುಕಿಕೊಂಡು ಬರ್ತಾರೆ, ನಿನ್ನ ಹತ್ತಿರ ಇರೋ ಮೂರು ಮೇಕೆ ನೋಡಿ" ಎಂದ ಅಜ್ಜ. ಪ್ಲಾಸ್ಟರಿನೊಳಗೆ ಅವನು ನಕ್ಕು, ಬಾಯಿಯ ಹತ್ತಿರ ಬಿರುಕು ಬಿಟ್ಟು, ಎಲ್ಲ ಮೊದಲಿನಿಂದ ಮಾಡಬೇಕಾಯಿತು.

ಎಲ್ಲರೂ ಹಾಗೆ ನಗಲಿಲ್ಲ. ಒಬ್ಬ ಮುದುಕನಿಗೆ ಅರ್ಧದಲ್ಲಿ ಉಸಿರು ಕಟ್ಟಿತು. ಕಾಲು ಝಾಡಿಸಿದ, ಕೊಳವೆ ಕಿತ್ತುಬಿತ್ತು. ಪಾದ್ರಿ ಅವನ ಎರಡೂ ತೋಳು ಒತ್ತಿ ಹಿಡಿದು, "ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ" ಎನ್ನುತ್ತಿದ್ದರು. ಅಜ್ಜ ತಡೆಯಲಾರದೆ ಅಚ್ಚನ್ನು ಎಳೆದ. ಒಂದು ಹುಬ್ಬು ಚರ್ಮದ ಸಮೇತ ಅಚ್ಚಿಗೇ ಅಂಟಿಕೊಂಡು ಬಂತು. ಮುದುಕ ರಕ್ತ ಒರೆಸಿಕೊಂಡು, ಉಪ್ಪನ್ನು ಕೇಳದೆ ಎದ್ದು ನಡೆದ. ಪಾದ್ರಿ ಅವನ ಹಿಂದೆ ಅರ್ಧ ಮೈಲಿ ಓಡಿ ಗಾಯಕ್ಕೆ ಔಷಧಿ ಹಚ್ಚಿ ಬಂದರು. ಬಂದವರೇ ಪುಸ್ತಕ ತೆರೆದು, ಅಚ್ಚು ಹಾಳಾಯಿತು ಎಂದು ಬರೆದರು.

"ಅವರು ಕೆಟ್ಟವರಲ್ಲ" ಎನ್ನುತ್ತಿದ್ದ ಅಜ್ಜ. "ಎರಡನ್ನೂ ಮನಸ್ಸಿಟ್ಟೇ ಮಾಡಿದರು. ಅದೇ ನನಗೆ ಅರ್ಥವಾಗಲಿಲ್ಲ."

ಎರಡು ವರ್ಷಗಳಲ್ಲಿ ಇಪ್ಪತ್ತಾರು ಮುಖಗಳು ಗೋಡೆಯ ಮೇಲೆ ಸಾಲಾಗಿ ನಿಂತವು. ಅಷ್ಟರಲ್ಲಿ ಸರ್ಕಾರ ಬೆಟ್ಟದ ಮೇಲೆ ರಸ್ತೆ ತೆಗೆಯಲು ಹೊರಟಿತು. ಹಳ್ಳಿಗೆ ಇಷ್ಟು ಆಳು ಎಂದು ಹಿಡಿದು ತಂದು, ಕುತ್ತಿಗೆಯಿಂದ ಕುತ್ತಿಗೆಗೆ ಹಗ್ಗ ಕಟ್ಟಿ ಕಲ್ಲು ಹೊರಿಸಿದರು. ರಸ್ತೆಯ ಸಾಹೇಬನ ಕೈಯಲ್ಲಿ ಯಾವಾಗಲೂ ಚಾವಟಿ. ಒಂದು ಮಧ್ಯಾಹ್ನ ಕಲ್ಲಿನ ಕೆಳಗೆ ಕುಸಿದು ಕೂತ ಒಬ್ಬನನ್ನು ಅವನು ಏಳುವವರೆಗೂ ಹೊಡೆಯುತ್ತೇನೆಂದು ಹೊಡೆದ. ಅವನು ಏಳಲಿಲ್ಲ. ಒಂದೇ ಹುಬ್ಬಿದ್ದ ಆ ಮುದುಕ ಅಲ್ಲೇ ಸತ್ತ. ಸಾಲಿನಲ್ಲಿ ಅವನ ಹಿಂದೆಯೇ ಹಗ್ಗದಲ್ಲಿದ್ದವನು ಅಜ್ಜಿಯ ತಮ್ಮ. ಕೈಯಲ್ಲಿದ್ದ ಸುತ್ತಿಗೆಯಿಂದ ಸಾಹೇಬನ ತಲೆಗೆ ಮೊದಲ ಏಟು ಹಾಕಿದವನು ಅವನೇ. ಆಮೇಲೆ ಉಳಿದವರೂ ಸೇರಿಕೊಂಡರು. ಸಾಹೇಬನನ್ನೂ ಇಬ್ಬರು ಪೊಲೀಸರನ್ನೂ ಗುರುತು ಸಿಗದ ಹಾಗೆ ಜಜ್ಜಿ, ತೆಗೆದ ರಸ್ತೆಯ ಮೇಲೆಯೇ ಬಿಟ್ಟು ಓಡಿದರು.

ಹತ್ತನೇ ದಿನಕ್ಕೆ ಹಡಗಿನಲ್ಲಿ ಸೈನ್ಯ ಬಂತು. ಊರಿನ ಚಾವಣಿಗಳ ಮೇಲೆ ಮೂರು ದಿನ ಬೂದಿ ಬಿತ್ತು. ಬೆಟ್ಟದ ಹಳ್ಳಿಗಳು ಉರಿಯುತ್ತಿದ್ದವು. ಅಜ್ಜಿ ಅಂಗಳದಲ್ಲಿ ನಿಂತು ಬೂದಿಯನ್ನು ಅಂಗೈಯಲ್ಲಿ ಹಿಡಿಯುತ್ತಿದ್ದಳು, ಯಾವುದು ತನ್ನ ಹಳ್ಳಿಯದು ಎಂದು ಗೊತ್ತಾಗುತ್ತದೇನೋ ಎನ್ನುವಂತೆ. ನಲವತ್ತು ಗಂಡಸರನ್ನು ಕಟ್ಟಿ ತಂದು ಉಪ್ಪಿನ ಗೋದಾಮಿಗೆ ತುಂಬಿದರು. ಅವರ ಜೊತೆ ಹಿಡಿದಿದ್ದ ಇನ್ನೊಬ್ಬನ ಕಾಲನ್ನು ಬೆಂಕಿಗೆ ಒಡ್ಡಿ ಬಾಯಿ ಬಿಡಿಸಿದಾಗ, ಸಾಹೇಬನನ್ನು ಕೊಂದವರೆಂದು ನಾಲ್ಕು ಹೆಸರು ಹೇಳಿ ಸತ್ತ. ನಾಲ್ವರೂ ಆ ನಲವತ್ತರಲ್ಲೇ ಇದ್ದಾರೆ ಎಂದೂ ಹೇಳಿದ್ದ. ಆದರೆ ಯಾವ ಹೆಸರಿನವನು ಯಾರು ಅನ್ನುವುದು ಸೈನ್ಯಕ್ಕೆ ಹೇಗೆ ಗೊತ್ತಾಗಬೇಕು? ಉಳಿದವರು ತುಟಿ ಬಿಚ್ಚಲಿಲ್ಲ.

ಕ್ಯಾಪ್ಟನ್ ಮಿಷನ್ನಿಗೆ ಚಹಾ ಕುಡಿಯಲು ಬಂದ. ಅಜ್ಜ ಪಕ್ಕದಲ್ಲೇ ಹೊಸ ಅಚ್ಚಿನ ಅಂಚು ಉಜ್ಜುತ್ತಿದ್ದ. ಕ್ಯಾಪ್ಟನ್ ಕಪ್ಪು ಹಿಡಿದುಕೊಂಡೇ ಗೋಡೆಯ ಸಾಲನ್ನು ನೋಡಿದ, ಪ್ರತಿ ಮುಖದ ಕೆಳಗಿನ ಸಂಖ್ಯೆ ನೋಡಿದ, ಮೇಜಿನ ಮೇಲಿನ ಪುಸ್ತಕ ನೋಡಿದ. ಕಪ್ಪನ್ನು ಕೆಳಗಿಟ್ಟ. ಅವರ ಮಾತು ಅಜ್ಜನಿಗೆ ತಿಳಿಯುತ್ತಿರಲಿಲ್ಲ. ಪಾದ್ರಿಯ ಮುಖ ಸುಣ್ಣಕ್ಕಿಂತ ಬೆಳ್ಳಗಾದದ್ದು ಮಾತ್ರ ತಿಳಿಯಿತು. ಕ್ಯಾಪ್ಟನ್ ಹೋದ ಮೇಲೆ ಪಾದ್ರಿ ಹೇಳಿದರು:

"ನಾಲ್ಕು ಹೆಸರಿಗೂ ಇಲ್ಲಿ ಮುಖ ಇದೆ. ನಾಳೆ ಬೆಳಿಗ್ಗೆ ಕೊಡಬೇಕಂತೆ. ಕೊಡದಿದ್ದರೆ ನಲವತ್ತು ಜನರಿಗೂ ಗುಂಡಿಕ್ಕುತ್ತಾರೆ. ಕೊಟ್ಟರೆ ನಾಲ್ಕೇ."

"ಆ ನಾಲ್ಕು ಯಾರು ಫಾದರ್?"

ಪಾದ್ರಿ ಸಂಖ್ಯೆಗಳನ್ನು ಹೇಳಿದರು. ಹೆಸರು ಹೇಳುವ ಧೈರ್ಯ ಬರಲಿಲ್ಲ. ಮೂರು, ಎಂಟು, ಹನ್ನೊಂದು, ಇಪ್ಪತ್ತು.

"ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬು" ಎಂದು ಹೇಳಿ ಪ್ರಾರ್ಥನೆಗೆ ಹೋದರು.

ಅಜ್ಜ ಬಾಗಿಲು ಮುಂದೆ ಮಾಡಿ ಹನ್ನೊಂದನೆಯದನ್ನು ಗೋಡೆಯಿಂದ ಇಳಿಸಿದ. ಒಡೆದುಬಿಡಬಹುದಿತ್ತು. ಒಡೆದರೆ ಪಾದ್ರಿಯನ್ನೇ ಕೇಳುತ್ತಾರೆ, ಅವರಿಗೋ ಸುಳ್ಳು ಹೇಳಿ ಗೊತ್ತಿಲ್ಲ. ಅದಕ್ಕೇ ಚೂರಿಯಿಂದ ಹುಬ್ಬಿನ ಮೂಳೆ ಕೆರೆದ. ಗಲ್ಲದ ಗುಳಿಗೆ ಪ್ಲಾಸ್ಟರ್ ತುಂಬಿದ. ವಾಲಿದ ಮೂಗನ್ನು, ಅವನು ಕೇಳಿದ್ದ ಹಾಗೆಯೇ, ನೆಟ್ಟಗೆ ಮಾಡಿದ. ಕೆನ್ನೆ ಊದಿಸಿದ. ಮೇಲೆ ಧೂಳು ಉಜ್ಜಿ ಹಳೆಯದು ಮಾಡಿದ. ಬೆವರು ಹಣೆಯಿಂದ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು.

"ಯಾರದೂ ಅಲ್ಲದ ಮುಖ ಮಾಡಿದೆ ಅಂದುಕೊಂಡೆ" ಎಂದು ನನಗೆ ಹೇಳಿದ. "ಆದರೆ ಯಾರದೂ ಅಲ್ಲದ ಮುಖ ಅಂತ ಒಂದು ಇರಲ್ಲ ಮಗಳೇ."

ಮರುದಿನ ಬೆಳಿಗ್ಗೆ ಗೋದಾಮಿನ ಅಂಗಳದಲ್ಲಿ ನಲವತ್ತು ಜನ ಮಂಡಿಯೂರಿ ಕೂತಿದ್ದರು. ಕ್ಯಾಪ್ಟನ್ ಕೂತಿದ್ದ ಕುರ್ಚಿಯ ಪಕ್ಕ ಪಾದ್ರಿ, ಅವನ ಮಾತನ್ನು ತಿರುಗಿಸಿ ಹೇಳಲು. ಮುಖಗಳನ್ನು ಒಡೆಯದೆ ಎತ್ತಲು ಬರುವುದು ಅಜ್ಜನೊಬ್ಬನಿಗೇ ಎಂದು ಅವನನ್ನೇ ಕರೆಸಿದ್ದರು. ಒಂದೊಂದನ್ನೂ ಹಿಡಿದು, ಸಾಲಿನ ಮುಂದೆ ನಡೆದು, ಪ್ರತಿಯೊಬ್ಬನ ಕೆನ್ನೆಯ ಪಕ್ಕ ಹಿಡಿಯಬೇಕು. ಕ್ಯಾಪ್ಟನ್ ಹಿಂದೆಯೇ ನಡೆದು ಬಂದು ಹೋಲಿಸುತ್ತಿದ್ದ.

ಮೂರನೆಯವನು ಸಿಕ್ಕಿದ. ಎಂಟನೆಯವನು ಸಿಕ್ಕಿದ. ಇಪ್ಪತ್ತನೆಯವನು ತನ್ನ ಮುಖ ಬರುವುದನ್ನು ದೂರದಿಂದಲೇ ನೋಡಿ ಎದ್ದು ಓಡಿದ. ಬೇಲಿ ಹತ್ತುವಾಗ ಬೆನ್ನಿಗೆ ಗುಂಡು ಬಿದ್ದು ಅಲ್ಲೇ ನೇತಾಡಿದ. ಉಳಿದಿಬ್ಬರನ್ನು ಗೋದಾಮಿನ ಗೋಡೆಗೆ ನಿಲ್ಲಿಸಿದರು. ಹಿಂದಿನ ವರ್ಷ ಅಜ್ಜನೇ ಗಾರೆ ಮಾಡಿ ನುಣುಪು ಹಿಡಿಸಿದ್ದ ಗೋಡೆ. ಗುಂಡುಗಳು ಮೈಯನ್ನು ದಾಟಿ ಗಾರೆಗೆ ಹೊಕ್ಕು, ಅಂಗೈಯಗಲದ ಚಕ್ಕೆಗಳು ಉದುರಿದವು. ಆ ಹೊತ್ತಿನಲ್ಲೂ ಚಕ್ಕೆ ಉದುರಿದ್ದು ನನ್ನ ಕಣ್ಣಿಗೆ ಬಿತ್ತಲ್ಲ ಎಂದು ಅಜ್ಜ ತನ್ನನ್ನೇ ಬಯ್ದುಕೊಳ್ಳುತ್ತಿದ್ದ.

ಅಜ್ಜ ಕೊನೆಗೆ ಉಳಿಸಿಕೊಂಡಿದ್ದು ಹನ್ನೊಂದು. ಅಜ್ಜಿಯ ತಮ್ಮ ಸಾಲಿನಲ್ಲಿ ಆರನೆಯವನಾಗಿ ಕೂತಿದ್ದ. ಅಜ್ಜ ಅವನ ಕೆನ್ನೆಯ ಪಕ್ಕ ಮುಖ ಹಿಡಿದ. ಕ್ಯಾಪ್ಟನ್ ನೋಡಿದ, ಅಲ್ಲವೆಂದು ತಲೆಯಾಡಿಸಿದ, ಮುಂದೆ ಹೋಗು ಎಂದ. ಅಜ್ಜನಿಗೆ ಹೋದ ಜೀವ ಬಂದಂತಾಯಿತು. ಇಪ್ಪತ್ತು, ಮೂವತ್ತು ಜನ ಕಳೆದರು. ಮೂವತ್ತಮೂರನೆಯವನ ಹತ್ತಿರ ಕ್ಯಾಪ್ಟನ್ ನಿಂತುಬಿಟ್ಟ. ನೆಟ್ಟಗಿನ ಮೂಗು, ಊದಿದ ಕೆನ್ನೆ, ಗುಳಿಯಿಲ್ಲದ ಗಲ್ಲ.

"ಹೆಸರೇನು?" ಪಾದ್ರಿ ತಿರುಗಿಸಿ ಕೇಳಿದರು.

ಅವನು ಸೌದೆ ಹೊರುವವನು, ಹುಟ್ಟಾ ತೊದಲ. ಹೆದರಿಕೆಗೆ ನಾಲಿಗೆ ಇನ್ನೂ ಕಚ್ಚಿಕೊಂಡಿತು. "ಮ... ಮ... ಮ..." ಎಂದನೇ ಹೊರತು ಹೆಸರು ಹೊರಡಲಿಲ್ಲ. ಸುಳ್ಳು ಹೆಸರು ಹುಡುಕುತ್ತಿದ್ದಾನೆ ಎಂದು ಕ್ಯಾಪ್ಟನ್ ನಕ್ಕ. ಇಬ್ಬರು ಸಿಪಾಯಿಗಳು ಅವನನ್ನು ಕೂದಲು ಹಿಡಿದು ಗೋಡೆಯ ಕಡೆಗೆ ಎಳೆದರು.

"ಅವನಲ್ಲ!" ಅಜ್ಜ ಕೂಗಿದ. "ಫಾದರ್, ಅವನಲ್ಲ ಅಂತ ಹೇಳಿ! ಮುಖ ಕೆಡಿಸಿದ್ದು ನಾನು. ನಾನು ಕೆರೆದು ಕೆಡಿಸಿದೆ!"

ಪಾದ್ರಿ ಅಜ್ಜನ ಕೈಯಿಂದ ಮುಖವನ್ನು ತೆಗೆದುಕೊಂಡು ನೋಡಿದರು. ಎರಡು ವರ್ಷ ದಿನವೂ ನೋಡಿದ ಮುಖ. ಅವರಿಗೆ ಅರ್ಥವಾಯಿತು. ಹೇಳಲೇಬೇಕಾದ್ದನ್ನು ಕ್ಯಾಪ್ಟನ್‌ಗೆ ಹೇಳಿದರು.

ಕ್ಯಾಪ್ಟನ್ ಬೈಯಲಿಲ್ಲ. ಯಾವ ಕೈ ಎಂದು ಮಾತ್ರ ಕೇಳಿದ. ಅಜ್ಜನ ಬಲಗೈಯನ್ನು ಗೋದಾಮಿನ ಕಲ್ಲುಮೆಟ್ಟಿಲ ಮೇಲೆ ಬಿಡಿಸಿ ಒತ್ತಿಹಿಡಿದರು. ಬಂದೂಕಿನ ಹಿಡಿ ಮೂರು ಸಲ ಬಿತ್ತು. ಮೊದಲ ಸಲದ ಸದ್ದು ಮಾತ್ರ ಅವನಿಗೆ ನೆನಪಿತ್ತು, ಒಣ ಕಡ್ಡಿ ಮುರಿದ ಹಾಗೆ.

ಆಮೇಲೆ ಕ್ಯಾಪ್ಟನ್ ತನ್ನ ಪಿಸ್ತೂಲನ್ನು ತೊದಲನ ಹಣೆಗೆ ಇಟ್ಟು ಪಾದ್ರಿಯ ಕಡೆ ತಿರುಗಿದ. ಹನ್ನೊಂದನೆಯವನು ಯಾರು ಎಂದು ನಿಮಗೆ ಗೊತ್ತು. ಹೇಳಿ, ಇಲ್ಲವೇ ಇವನೇ ಆಗಲಿ ಎಂದ.

ಪಾದ್ರಿಯ ತುಟಿ ಅಲುಗುತ್ತಿತ್ತು, ಸದ್ದಿರಲಿಲ್ಲ. ತೊದಲ ಉಚ್ಚೆ ಹೊಯ್ದುಕೊಂಡಿದ್ದ. ಪಿಸ್ತೂಲಿನ ಕುದುರೆ ಎಳೆದ ಸದ್ದು ಕೇಳಿತು. ಪಾದ್ರಿ ಬಲಗೈ ಎತ್ತಿದರು. ದೇವರ ಹೆಸರಲ್ಲಿ ಹರಸುತ್ತಿದ್ದ ಅದೇ ಕೈ ಸಾಲಿನ ಆರನೆಯವನ ಕಡೆ ಚಾಚಿತು.

"ಕೈ ಇಳಿಸಿ ಫಾದರ್" ಎಂದ ಅಜ್ಜಿಯ ತಮ್ಮ. "ನಾನೇ ಬರ್ತೀನಿ."

ಗೋಡೆಯ ಕಡೆಗೆ ನಡೆಯುವಾಗ ಅಜ್ಜ ಬಿದ್ದಿದ್ದ ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತ. "ಭಾವ, ಅಕ್ಕನಿಗೆ ನೀನೇ ಹೇಳು. ಬೇರೆಯವರ ಬಾಯಿಂದ ಬೇಡ."

ಅಲ್ಲಿಗೂ ಮುಗಿಯಲಿಲ್ಲ. ಸೈನ್ಯದ ಡಾಕ್ಟರು ನಾಲ್ಕೂ ಹೆಣಗಳ ತಲೆ ಕತ್ತರಿಸಿ, ಸಾರಾಯಿ ತುಂಬಿದ ತಗಡಿನ ಡಬ್ಬಿಗಳಿಗೆ ಇಳಿಸಿದ. ಪಾದ್ರಿ ಓಡಿಹೋಗಿ ಅವನ ಕೈ ಹಿಡಿದರು. ಡಾಕ್ಟರು ಚೀಲದಿಂದ ಒಂದು ಕಾಗದ ತೆಗೆದು ತೋರಿಸಿದ. ಎರಡು ವರ್ಷದ ಹಿಂದೆ ಪಾದ್ರಿಯೇ ಸಂಘಕ್ಕೆ ಬರೆದಿದ್ದ ಪತ್ರದ ನಕಲು: ಬೆಟ್ಟದ ಜನರ ತಲೆಬುರುಡೆ ಸಿಗುವುದು ಕಷ್ಟ, ಜೈಲಿನಿಂದಲೋ ಸೈನ್ಯದಿಂದಲೋ ಒದಗಿಸಿದರೆ ಶಾಸ್ತ್ರಕ್ಕೆ ದೊಡ್ಡ ಉಪಕಾರ. ಕೆಳಗೆ ಅವರದೇ ಸಹಿ. ಪಾದ್ರಿ ಕೈ ಬಿಟ್ಟರು.

ಅಜ್ಜ ಚೂರಾದ ಕೈಯನ್ನು ಅಂಗಿಯಲ್ಲಿ ಸುತ್ತಿಕೊಂಡು ಮನೆಗೆ ಬಂದು ತಾನೇ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಅಜ್ಜಿ ಅಳಲಿಲ್ಲ. ನನ್ನ ತಾಯಿಯನ್ನು ನೆರೆಮನೆಯವಳ ಕೈಗೆ ಕೊಟ್ಟು, ಮನೆಯ ಗುಂಡುಕಲ್ಲನ್ನು ಎತ್ತಿಕೊಂಡು ದಿಬ್ಬ ಹತ್ತಿದಳು.

ಪಾದ್ರಿ ಕೋಣೆಯ ಬಾಗಿಲಲ್ಲಿ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದರು. ದಾರಿ ಬಿಟ್ಟರು. ಅಜ್ಜಿ ಒಂದೊಂದೇ ಮುಖವನ್ನು ಗೋಡೆಯಿಂದ ಕಿತ್ತು ನೆಲದ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದಳು. ಉಳಿದಿದ್ದ ಇಪ್ಪತ್ತೆರಡನ್ನೂ. ಬಿಳಿ ಧೂಳಿನಲ್ಲಿ ಅವಳ ಕಣ್ಣೆರಡೇ ಕಾಣುತ್ತಿದ್ದವಂತೆ.

"ಆ ಪುಸ್ತಕನೂ ಕೊಡು" ಎಂದಳು. ಏಕವಚನಕ್ಕೆ ಇಳಿದದ್ದು ಆಗಲೇ.

"ಅದೊಂದು ಬೇಡ" ಎಂದರು ಪಾದ್ರಿ. "ಇಷ್ಟು ವರ್ಷದ ಕೆಲಸ..."

"ನನ್ನ ತಮ್ಮನ ಹೆಸರು, ಊರು, ಅದರಲ್ಲಿ ಬರೆಸಿದ್ದು ಯಾರೋ?"

ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. "ನೀನೇ ಅಮ್ಮ" ಎಂದರು.

ಅಜ್ಜಿ ಕೈಯಲ್ಲಿದ್ದ ಕಲ್ಲನ್ನು ಬೀಸಿದಳು. ಅದು ಅವರ ಹಣೆಗೆ ತಗುಲಿ ಗಡ್ಡವೆಲ್ಲ ಕೆಂಪಾಯಿತು. ಗೋಡೆಗೆ ಒರಗಿ ಕುಸಿದು ಕೂತರು. ಪುಸ್ತಕವನ್ನು ಮಾತ್ರ ಬಿಡಲಿಲ್ಲ. ಅವಳ ಮೇಲೆ ದೂರು ಕೊಡಲೂ ಇಲ್ಲ.

ಆಮೇಲೆ ನಾಲ್ಕು ತಿಂಗಳು ಅವರು ವಾರಕ್ಕೊಮ್ಮೆ ಔಷಧಿ ಪೆಟ್ಟಿಗೆ ಹಿಡಿದು ಮನೆಗೆ ಬಂದರು. ಅಜ್ಜಿ ಹೊಸಿಲು ದಾಟಗೊಡಲಿಲ್ಲ. ಅಜ್ಜನೇ ಹೊರಗೆ ಹೋಗಿ ಜಗುಲಿಯ ಅಂಚಿನಲ್ಲಿ ಕೂತು ಕೈ ಚಾಚುತ್ತಿದ್ದ. ಪಾದ್ರಿ ಕೀವು ತೊಳೆದು ಬಟ್ಟೆ ಕಟ್ಟುತ್ತಿದ್ದರು. ಕೊನೆಯ ಸಲ ಬಂದಾಗ, ಬೇರೆ ಊರಿಗೆ ವರ್ಗವಾಗಿದೆ ಎಂದರು.

"ಹನ್ನೊಂದನೆಯವನು ಮೊದಲೇ ಸತ್ತುಹೋದ ಅಂತ ಒಂದು ಮಾತು ಹೇಳಬಹುದಿತ್ತು" ಎಂದರು ತಲೆ ತಗ್ಗಿಸಿ. "ಆ ಕ್ಷಣ ಹೊಳೆಯಲೇ ಇಲ್ಲ. ನಿಜ, ಇಲ್ಲವೇ ಮೌನ. ಎರಡೇ ಹೊಳೆದದ್ದು."

"ಹೌದು ಫಾದರ್. ಹೇಳಬಹುದಿತ್ತು" ಎಂದ ಅಜ್ಜ. ಸಮಾಧಾನದ ಮಾತು ಬೇಕಿತ್ತೇನೋ ಅವರಿಗೆ. ಅಜ್ಜನ ಹತ್ತಿರ ಇರಲಿಲ್ಲ. ಅವರು ಹೋದರು. ಅವರ ಪುಸ್ತಕ ಅಚ್ಚಾಗಿ, ಆ ದೇಶದಲ್ಲಿ ಹೆಸರು ಮಾಡಿತೆಂದು ಮುಂದೆ ಬಂದ ಪಾದ್ರಿ ಹೇಳಿದರಂತೆ.

ಎಡಗೈಯಲ್ಲಿ ಕರಣೆ ಹಿಡಿಯಲು ಕಲಿಯುವುದಕ್ಕೆ ಅಜ್ಜನಿಗೆ ಒಂದೂವರೆ ವರ್ಷ ಹಿಡಿಯಿತು. ಗಾರೆ ಕಲಸಲು, ಏಣಿ ಹಿಡಿಯಲು ಎರಡು ಗಟ್ಟಿ ಕೈ ಬೇಕಿತ್ತು. ಒಂದು ಬೆಳಿಗ್ಗೆ ತೊದಲ ಬಂದು ಕರೆಯದೆ, ಕೇಳದೆ ಸುಣ್ಣದ ಗುಂಡಿಗಿಳಿದು ಕಲಸತೊಡಗಿದ. ಅವನ ಹಳ್ಳಿ ಸುಟ್ಟುಹೋಗಿತ್ತು, ಹೋಗಲು ಜಾಗವಿರಲಿಲ್ಲ. ಹಾಗೆ ನಿಂತವನು ನಿಂತೇಬಿಟ್ಟ.

ಅಜ್ಜಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಯಾಕೆಂದು ಹೇಳಬೇಕಾಗಿಲ್ಲ, ಅವನು ಉಸಿರಾಡುತ್ತಿದ್ದ ಒಂದೊಂದು ಉಸಿರೂ ಅವಳ ತಮ್ಮನದು. ಊಟಕ್ಕೆ ಮಾತ್ರ ಕಡಿಮೆ ಮಾಡಲಿಲ್ಲ, ತಟ್ಟೆಯನ್ನು ಅಂಗಳದ ಮೂಲೆಯಲ್ಲಿ ಕುಕ್ಕಿ ಒಳಗೆ ಹೋಗುತ್ತಿದ್ದಳು. ಅವನೂ ತಲೆ ಎತ್ತದೆ ತಿಂದು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ಹೀಗೆ ಆರು ವರ್ಷ.

ಏಳನೆಯ ವರ್ಷ ಒಂದು ಮಧ್ಯಾಹ್ನ ಅವನು ತಟ್ಟೆ ತೊಳೆಯುತ್ತಾ, ಸಣ್ಣಗೆ, ತೊದಲದೆ, ಬೆಟ್ಟದ ಒಂದು ಹಾಡು ಗುನುಗಿದ. ಹಾಡುವಾಗ ತೊದಲರ ನಾಲಿಗೆ ಹಿಡಿಯುವುದಿಲ್ಲವಲ್ಲ. ಅಜ್ಜಿ ಸೌಟು ಹಿಡಿದು ಹೊರಗೆ ಬಂದವಳೇ ಅವನನ್ನು ಹೊಡೆಯತೊಡಗಿದಳು. ತಲೆ, ಬೆನ್ನು, ತೋಳು ಎನ್ನದೆ ಹೊಡೆದಳು. ಕ್ಯಾಪ್ಟನ್‌ಗೆ ಹೊಡೆಯಲಾಗದ ಏಟು, ಪಾದ್ರಿಗೆ ಹೊಡೆದೂ ಉಳಿದ ಏಟು, ತನಗೇ ತಾನು ಹಾಕಿಕೊಳ್ಳಬೇಕಿದ್ದ ಏಟು, ಎಲ್ಲವೂ ಅವನ ಮೇಲೆ ಬಿದ್ದವು. ಸೌಟಿನ ಹಿಡಿ ಮುರಿಯಿತು. ಅವನ ಕಿವಿಯಿಂದ ರಕ್ತ ಇಳಿಯುತ್ತಿತ್ತು. ಅವನು ಕೈ ಅಡ್ಡ ಹಿಡಿಯಲಿಲ್ಲ, ಓಡಲಿಲ್ಲ. ನಮ್ಮಮ್ಮ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು.

ಕೈ ಸೋತು ಅಜ್ಜಿ ಅಲ್ಲೇ ಕೂತಳು. ಆ ಏಳು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಅವನು ಎದುರಿಗೆ ಕೂತುಕೊಂಡು ಕಾದ.

ಬಹಳ ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು ಬೆಟ್ಟದ ಮಾತಿನಲ್ಲಿ ಕೇಳಿದಳು: "ನಿನ್ನ ಹೆಸರೇನೋ?"

"ಮ... ಮ..." ಎಂದು ಅವನು ಶುರುಮಾಡಿದ. ಅಜ್ಜಿ ಅವಸರ ಮಾಡಲಿಲ್ಲ. ಪೂರ್ತಿ ಹೇಳಿ ಮುಗಿಸುವವರೆಗೂ ಅವನ ಬಾಯನ್ನೇ ನೋಡುತ್ತಾ ಕೂತಿದ್ದಳು. ಮರುದಿನದಿಂದ ಅವನ ತಟ್ಟೆ ಒಳಗೆ, ಅಜ್ಜನ ತಟ್ಟೆಯ ಪಕ್ಕದಲ್ಲಿತ್ತು.